ನಾನು ತೆಗೆಯಲು ಬಿಡದ ಚಿತ್ರ

ಮಗುವಿಗೆ ಅಂದು ಮೂವತ್ತು ದಿನ. ಬುಧವಾರ.

ಶಿವಮೊಗ್ಗದ ಆ ಮಕ್ಕಳ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ, ಎನ್‌ಐಸಿಯುವಿನ, ಬಾಗಿಲಿನ ಎದುರು ಒಂದು ಕಬ್ಬಿಣದ ಬೆಂಚು. ತಿಂಗಳಿಂದ ಅದೇ ನನ್ನ ಜಾಗ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಭದ್ರಾವತಿಯಿಂದ ಹೊರಡುವುದು. ಮಗಳು ಶೈಲಾ ಹಿಂಡಿ ಕೊಟ್ಟ ಎದೆಹಾಲನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ತರುವುದು. ಎಷ್ಟು ಎಂಎಲ್ ಒಳಗೆ ಹೋಯಿತು, ಎಷ್ಟು ಕಕ್ಕಿತು ಎಂದು ಕೇಳಿ ತಿಳಿದುಕೊಂಡು, ಸಂಜೆ ಮನೆಗೆ ಹೋಗಿ ಅದನ್ನೇ ಶೈಲಾಳಿಗೆ ಒಪ್ಪಿಸುವುದು. ಅವಳು ದಿನ ಬಿಟ್ಟು ದಿನ ನನ್ನ ಜೊತೆ ಬರುತ್ತಿದ್ದಳು. ಅಂದು ಹಾಲು ಕಟ್ಟಿಕೊಂಡು ಜ್ವರ ಬಂದು ಮಲಗಿದ್ದಳು.

ಅಂದು ಅವಳು ಬರಬೇಕಿತ್ತು.

ಹತ್ತು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಮೂವತ್ತು ದಾಟಿರಬಹುದು. ಚೂಡಿದಾರದ ಮೇಲೆ ಬಿಳಿ ಕೋಟು. ಗಾಲಿಯ ಮೇಲೆ ಒಂದು ಯಂತ್ರವನ್ನು ತಳ್ಳಿಕೊಂಡು ಬಂದಿದ್ದಳು. ಒಂದು ಕಂಪ್ಯೂಟರು, ಅದರಿಂದ ಹೊರಟ ಉದ್ದದ ಕೇಬಲ್ಲು, ಅದರ ತುದಿಯಲ್ಲಿ ಟಾರ್ಚಿನಂಥ ಕ್ಯಾಮೆರಾ.

“ಅಜ್ಜೀ, ನಿಮ್ಮ ಬೇಬಿಗೆ ಐ ಸ್ಕ್ರೀನಿಂಗ್ ಇದೆ. ಇಲ್ಲೊಂದು ಸೈನ್ ಮಾಡಿ.”

ಅಜ್ಜಿ ಎಂದಿದ್ದೇ ಮೊದಲ ತಪ್ಪು. ಭದ್ರಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೇಳು ವರ್ಷ ಹೆರಿಗೆ ಕೋಣೆ ನೋಡಿಕೊಂಡವಳು ನಾನು. ತರಕಾರಿ ಮಾರುವವರೂ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಈ ಆಸ್ಪತ್ರೆಯ ಮಕ್ಕಳ ಡಾಕ್ಟರೂ ಹಾಗೆಯೇ ಕರೆಯುತ್ತಿದ್ದರು.

“ಯಾಕೆ ಸ್ಕ್ರೀನಿಂಗು?” ಎಂದೆ.

“ಪ್ರಿಟರ್ಮ್ ಬೇಬಿ ಅಲ್ವಾ, ಆರ್‌ಒಪಿ ರೂಲ್ ಔಟ್ ಮಾಡ್ಬೇಕು. ರೆಟಿನಾ ನೋಡ್ಬೇಕು.”

“ಕಣ್ಣಿನ ಡಾಕ್ಟ್ರು ಎಲ್ಲಿ?”

“ಅವ್ರು ಬೆಂಗ್ಳೂರಲ್ಲಿದ್ದಾರೆ. ನಾನು ಫೋಟೋ ತೆಗೆದು ಕಳಿಸ್ತೀನಿ. ಅಲ್ಲಿಂದ್ಲೇ ನೋಡಿ ಹೇಳ್ತಾರೆ. ಟೆಲಿಮೆಡಿಸಿನ್ ಅಂತ, ಈಗ ಜಿಲ್ಲೆ ಜಿಲ್ಲೆಗೂ ಬರ್ತಿದೀವಿ. ನಾನು ಟೆಕ್ನಿಷಿಯನ್, ವಿನುತಾ.”

“ನರ್ಸಿಂಗ್ ಆಗಿದ್ಯಾ?”

“ಇಲ್ಲ.”

ಅವಳು ಆ ‘ಇಲ್ಲ’ವನ್ನು ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದಳು. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಸಹಿ ಹಾಕುವ ಮೊದಲು ಅದೇನು ಮಾಡುತ್ತಾಳೋ ನೋಡೋಣ ಎಂದು ಗಾಜಿನ ಈಚೆ ನಿಂತೆ. ನಮ್ಮ ಮಗುವಿನ ಪಕ್ಕದ ವಾರ್ಮರಿನಲ್ಲಿ, ಕಾವು ಕೊಡುವ ಹಾಸಿಗೆಯಲ್ಲಿ, ಒಂದು ಗಂಡುಮಗು ಇತ್ತು. ವಿನುತಾ ಅದರ ಕಣ್ಣಿಗೆ ಡ್ರಾಪ್ಸ್ ಹಾಕಿ, ಕಾದು, ಮತ್ತೆ ಡ್ರಾಪ್ಸ್ ಹಾಕಿದಳು. ಆಮೇಲೆ ತಂತಿಯ ಕ್ಲಿಪ್ಪೊಂದನ್ನು ಕಣ್ಣಿನ ರೆಪ್ಪೆಗಳ ನಡುವೆ ಸಿಕ್ಕಿಸಿ ಕಣ್ಣು ಮುಚ್ಚದ ಹಾಗೆ ಅಗಲಿಸಿದಳು. ಜೆಲ್ ಹಚ್ಚಿ, ಆ ಕ್ಯಾಮೆರಾವನ್ನು ನೇರ ಕಣ್ಣುಗುಡ್ಡೆಯ ಮೇಲೆಯೇ ಇಟ್ಟಳು. ಮಗು ಬೆನ್ನು ಬಿಲ್ಲಿನಂತೆ ಬಾಗಿಸಿ ಕಿರುಚಿತು. ಗಾಜಿನಿಂದಾಗಿ ನನಗೆ ದನಿ ಕೇಳಿಸಲಿಲ್ಲ, ತೆರೆದ ಬಾಯಿ ಮಾತ್ರ ಕಾಣುತ್ತಿತ್ತು. ಮಾನಿಟರಿನಲ್ಲಿ ಸ್ಯಾಚುರೇಶನ್, ರಕ್ತದ ಆಕ್ಸಿಜನ್ ಪ್ರಮಾಣ, ಇಳಿಯಿತು. ಎಪ್ಪತ್ತೆಂಟು, ಎಪ್ಪತ್ತು. ತುಟಿ ನೀಲಿ. ಒಳಗಿದ್ದ ನರ್ಸು ಅಂಗಾಲು ತಟ್ಟಿದಳು, ಆಕ್ಸಿಜನ್ ಹಿಡಿದಳು. ಮಗು ಸುಧಾರಿಸಿಕೊಂಡಿತು.

ನಮ್ಮ ಮಗು ಹುಟ್ಟಿದ್ದು ಇಪ್ಪತ್ತೊಂಬತ್ತನೆಯ ವಾರಕ್ಕೆ. ಶೈಲಾಳ ಬಿಪಿ ಏರಿ, ಇನ್ನು ಕಾದರೆ ಇಬ್ಬರೂ ಉಳಿಯುವುದಿಲ್ಲ ಎಂದಾಗ ಸಿಸೇರಿಯನ್ ಮಾಡಿ ತೆಗೆದಿದ್ದರು. ತೂಕ ಒಂದು ಕೆಜಿ ನೂರು ಗ್ರಾಂ. ಮೊದಲ ಹದಿನೇಳು ದಿನ ಆಕ್ಸಿಜನ್ನಿನಲ್ಲೇ ಇತ್ತು. ಎರಡು ಸಲ ಉಸಿರು ನಿಂತಿತ್ತು, ಎರಡು ಸಲವೂ ನಾನು ಆ ಬೆಂಚಿನ ಮೇಲಿದ್ದೆ. ಹಾಗೆ ದಕ್ಕಿದ ಜೀವವನ್ನು ಒಂದು ಫೋಟೋಗಾಗಿ ನೀಲಿಗಟ್ಟಿಸುವುದೇ?

ಅಳಿಯ ಪ್ರಭು ಅಷ್ಟು ಹೊತ್ತಿಗೆ ಬಂದರು. ಶಿವಮೊಗ್ಗ–ಸಾಗರ ರಸ್ತೆಯಲ್ಲಿ ಓಡುವ ಖಾಸಗಿ ಬಸ್ಸಿನ ಡ್ರೈವರು ಅವರು. ಎರಡು ಟ್ರಿಪ್ಪಿನ ನಡುವೆ ಅರ್ಧ ಗಂಟೆ ಸಿಕ್ಕರೆ ಯೂನಿಫಾರ್ಮಿನಲ್ಲೇ ಓಡಿ ಬರುತ್ತಿದ್ದರು. ಮಕ್ಕಳ ಡಾಕ್ಟರು ರೌಂಡ್ಸ್ ಮುಗಿಸಿ ಹೋಗುವಾಗ ನಮ್ಮನ್ನು ನೋಡಿ, “ಮಾಡಿಸಿ ಸಿಸ್ಟರ್, ಎಲ್ಲಾ ಪ್ರಿಟರ್ಮ್‌ಗೂ ಮಾಡ್ತಿದಾರೆ,” ಎಂದು ಹೇಳಿ ಲಿಫ್ಟಿನ ಕಡೆ ನಡೆದರು. ಅಷ್ಟೇ ಹೇಳಿದ್ದು.

“ಏನ್ಮಾಡೋದು ಅತ್ತೆ?” ಎಂದು ಪ್ರಭು ಕೇಳಿದರು.

“ಬೇಡ. ಮಗು ಎರಡು ಕೆಜಿ ಆಗ್ಲಿ, ನಾವೇ ಯಾರಾದ್ರೂ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಣ. ಸರಿಯಾದ ಡಾಕ್ಟ್ರ ಹತ್ರ.”

ಕೊನೆಯ ಮಾತನ್ನು ಅವಳಿಗೆ ಕೇಳಿಸಲಿ ಎಂದೇ ಜೋರಾಗಿ ಹೇಳಿದ್ದೆ.

ವಿನುತಾ ನನ್ನ ತೋಳು ಮುಟ್ಟಿದಳು. “ಅಜ್ಜೀ, ಇದು ಈಗ್ಲೇ ನೋಡ್ಬೇಕು, ಆಮೇಲೆ ಅಲ್ಲ. ನಾನು ವಾರಕ್ಕೊಂದೇ ಸಲ ಬರೋದು.”

ನಾನು ಅವಳ ಕೈ ತಳ್ಳಿದೆ. “ಇದು ಒಂದು ಕೆಜಿ ಮಗು ಕಣಮ್ಮ. ಫೋಟೋ ಸ್ಟುಡಿಯೋ ನಡೆಸ್ಬೇಡ ಇಲ್ಲಿ.”

ಬೆಂಚಿನ ಮೇಲಿದ್ದವರು ನಕ್ಕರು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಆ ನಗು ನನಗೆ ಹಿತವಾಗಿತ್ತು. ಪ್ರಭು ರಿಜಿಸ್ಟರಿನಲ್ಲಿ ‘ಬೇಡ’ ಎಂದು ಬರೆದು ಸಹಿ ಹಾಕಿದರು. ಮೊಬೈಲ್ ನಂಬರನ್ನೂ ವಿಳಾಸವನ್ನೂ ಅವಳು ಕೇಳಿ ಬರೆಸಿಕೊಂಡಳು.

ಸಂಜೆ ಶೈಲಾಳಿಗೆ ಇಪ್ಪತ್ತೆರಡು ಎಂಎಲ್ ಕುಡಿಯಿತು ಎಂದು ಹೇಳಿದೆ. ಇದನ್ನು ನಾನೂ ಹೇಳಲಿಲ್ಲ, ಪ್ರಭುವೂ ಹೇಳಲಿಲ್ಲ.

ಐದು ದಿನ ಬಿಟ್ಟು ಮಗುವನ್ನು ಮನೆಗೆ ಕಳಿಸಿದರು. ಭದ್ರಾವತಿಯ ನನ್ನ ಮನೆಯಲ್ಲೇ ಬಾಣಂತನ. ಕಿಟಕಿಗಳಿಗೆ ಹಳೆಯ ಸೀರೆ ಕಟ್ಟಿದೆ, ಬಂದವರನ್ನು ಹೊರಗಿನಿಂದಲೇ ಮಾತಾಡಿಸಿ ಕಳಿಸಿದೆ. ಮಗುವನ್ನು ಶೈಲಾಳ ಎದೆಗೆ ಕಟ್ಟಿ ಕೂರಿಸುತ್ತಿದ್ದೆ. ಹಾಲನ್ನು ಪಲಾಡೆಯಲ್ಲಿ, ಒಳಲೆಯಂಥ ಪುಟ್ಟ ಬಟ್ಟಲಿನಲ್ಲಿ, ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದೆ. ನಿವೃತ್ತಿಯಾಗಿ ಎರಡು ವರ್ಷ ಆಗಿತ್ತು, ಮತ್ತೆ ಡ್ಯೂಟಿ ಸಿಕ್ಕಂತಾಗಿತ್ತು. ಸುಖವಾಗಿದ್ದೆ ಎಂದರೆ ಈಗ ನನಗೇ ನಂಬಲಾಗುವುದಿಲ್ಲ.

ಮುಂದಿನ ಬುಧವಾರ ಪ್ರಭು ಮನೆಯಲ್ಲಿದ್ದರು. ಅವರ ಮೊಬೈಲು ಬಡಿದುಕೊಂಡಿತು. “ಕಣ್ಣಿನವ್ರು,” ಎಂದರು ಮೆಲ್ಲಗೆ. “ಎತ್ತಬೇಡಿ,” ಎಂದೆ. ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ಆಮೇಲೆ ಒಂದು ಮೆಸೇಜು ಬಂತು, ಇಂಗ್ಲಿಷಿನಲ್ಲಿ. ಅದನ್ನು ನಾವು ಓದಲಿಲ್ಲ.

ಅದರ ಮುಂದಿನ ಬುಧವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಮಗುವಿನ ಬಟ್ಟೆ ಹಿಂಡುತ್ತಿದ್ದೆ. ಮುಂಬಾಗಿಲು ತೆರೆದವಳು ಶೈಲಾ. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ವಿನುತಾ ನಡುಮನೆಯಲ್ಲಿ ನಿಂತಿದ್ದಳು. ಹೊರಗೆ ಅವರ ವ್ಯಾನು. ಆಸ್ಪತ್ರೆಯ ಕೆಲಸ ಮುಗಿಸಿ, ರಿಜಿಸ್ಟರಿನ ವಿಳಾಸ ಹಿಡಿದು, ಹಳೇನಗರದಲ್ಲಿ ನಾಲ್ಕು ಕಡೆ ಕೇಳಿಕೊಂಡು ಬಂದಿದ್ದಳಂತೆ.

ಶೈಲಾ ನನ್ನ ಕಡೆ ತಿರುಗಿದಳು.

“ಏನಮ್ಮ ಇದು? ಯಾವ ಟೆಸ್ಟ್ ಬೇಡ ಅಂದಿದ್ದು ನಾವು?”

“ಏನಿಲ್ಲ. ಕಣ್ಣಿಗೆ ಕ್ಲಿಪ್ ಹಾಕಿ ಹಿಂಸೆ ಮಾಡ್ತಾರೆ. ಅವತ್ತು ಪಕ್ಕದ ಮಗು ನೀಲಿ ಆಗಿತ್ತು, ನಾನೇ ಕಣ್ಣಾರೆ ನೋಡಿದೀನಿ.”

“ನನ್ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?”

“ನಿಂಗೆ ಜ್ವರ ಇತ್ತು ಶೈಲಾ.”

“ಜ್ವರ ಇತ್ತು. ಸತ್ತಿರ್ಲಿಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಅವಳು ವಿನುತಾಳನ್ನು ಕೇಳಿದಳು. “ಮಾಡಿಸ್ದೇ ಇದ್ರೆ ಏನಾಗುತ್ತೆ? ಇಂಗ್ಲಿಷ್ ಬೇಡ. ಸರಿಯಾಗಿ ಹೇಳಿ.”

ವಿನುತಾ ನನ್ನನ್ನು ನೋಡಿದಳು, ಅವಳನ್ನು ನೋಡಿದಳು.

“ಕಾಯಿಲೆ ಇದ್ದು, ನೋಡ್ದೆ ಬಿಟ್ರೆ, ಮಗು ಕುರುಡಾಗುತ್ತೆ.”

ಎರಡು ವಾರದಲ್ಲಿ ಆ ಪದವನ್ನು ಯಾರಾದರೂ ಹೇಳಿದ್ದು ಅದೇ ಮೊದಲು.

ಮನೆಯಲ್ಲಿ ಆಕ್ಸಿಜನ್ ಇಲ್ಲದೆ ಮಾಡುವುದು ಬೇಡ ಎಂದಳು ವಿನುತಾ. ಶಿವಮೊಗ್ಗಕ್ಕೆ ವಾಪಸು ಹೋಗಲು ಹೊತ್ತಾಗುತ್ತದೆ. ನಾನು ಕೆಲಸ ಮಾಡಿದ್ದ ನರ್ಸಿಂಗ್ ಹೋಮು ಎರಡು ಬೀದಿ ಆಚೆ. ನಾನೇ ಹೋಗಿ ಕೇಳಿಕೊಂಡೆ. ಹೆರಿಗೆ ಕೋಣೆಯ ಪಕ್ಕದ ಕೋಣೆ ಬಿಟ್ಟುಕೊಟ್ಟರು. ನಾನು ಲೆಕ್ಕವಿಲ್ಲದಷ್ಟು ಮಕ್ಕಳನ್ನು ಒರೆಸಿ ಮಲಗಿಸಿದ ಅದೇ ವಾರ್ಮರಿನ ಮೇಲೆ ನಮ್ಮ ಮಗುವನ್ನು ಮಲಗಿಸಿದರು.

ತಲೆ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ನಾನು ಮುಂದೆ ಬಂದೆ.

“ನೀನು ಮುಟ್ಬೇಡ,” ಎಂದಳು ಶೈಲಾ. ಅವಳೇ ಹಿಡಿದಳು.

ಮಗು ಕಿರುಚಿತು. ಈ ಸಲ ನಡುವೆ ಗಾಜಿರಲಿಲ್ಲ. ಸ್ಯಾಚುರೇಶನ್ ಸ್ವಲ್ಪ ಇಳಿದು ಮತ್ತೆ ಏರಿತು. ವಿನುತಾಳ ಕೈ ಒಂದು ಸಲವೂ ನಡುಗಲಿಲ್ಲ. ಆ ಕೈ ಕೆಟ್ಟದೆಂದು ಹೇಳಲು ನನಗೆ ಏನಾದರೂ ಒಂದು ಕಾರಣ ಬೇಕಿತ್ತು. ಸಿಗಲಿಲ್ಲ. ಎರಡೂ ಕಣ್ಣು ಸೇರಿ ಹತ್ತೇ ನಿಮಿಷ. ಅದಕ್ಕೆ ಹೆದರಿ ನಾನು ಎರಡು ವಾರ ಕಳೆದಿದ್ದೆ.

ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಹಾಕಿ, ಅದಕ್ಕೆ ಡೇಟಾ ಕಾರ್ಡ್ ಸಿಕ್ಕಿಸಿದಳು. ಕೋಣೆಯಲ್ಲಿ ಸಿಗ್ನಲ್ ಇರಲಿಲ್ಲ. ಕಿಟಕಿಯ ಬಳಿಯೂ ಸಿಗಲಿಲ್ಲ. ಕೊನೆಗೆ ಮೆಟ್ಟಿಲು ಹತ್ತಿ ತಾರಸಿಗೆ ಹೋದಳು, ನಾನೂ ಹಿಂದೆಯೇ ಹೋದೆ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಿಸಿಲು ಬೀಳದಂತೆ ದುಪಟ್ಟಾ ಹಿಡಿದು ಕೂತಳು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯಂತೆ ತೆವಳುತ್ತಿತ್ತು. ಬೆಂಗಳೂರು ನಮ್ಮ ಮಗುವಿನ ಕಣ್ಣನ್ನು ನೋಡಬೇಕಾದರೆ ಆ ಪಟ್ಟಿ ತುದಿ ಮುಟ್ಟಬೇಕು. ಎರಡು ಸಲ ಅರ್ಧಕ್ಕೇ ನಿಂತಿತು. “ದರಿದ್ರದ ಮಿಷನ್ನು,” ಎಂದು ಬೈದೆ. ಅವಳು ತಿರುಗಿಯೂ ನೋಡಲಿಲ್ಲ, ಮೂರನೆಯ ಸಲ ಕಳಿಸಿದಳು.

ಅಲ್ಲಿ ನಿಂತಾಗ ನನಗೆ ಸೆಲ್ವಿ ನೆನಪಾದಳು.

ಹದಿನೈದು ಹದಿನಾರು ವರ್ಷದ ಹಿಂದಿನ ಮಾತು. ಕಾರ್ಖಾನೆಯ ಕಡೆಯ ತಮಿಳು ಹುಡುಗಿ, ಏಳು ತಿಂಗಳಿಗೇ ಹೆತ್ತಿದ್ದಳು. ಅಂಥ ಮಕ್ಕಳು ಆಗ ಉಳಿಯುತ್ತಲೇ ಇರಲಿಲ್ಲ. ಅದನ್ನು ನಾವು ಉಳಿಸಿದ್ದೆವು. ಮೂರು ವಾರ ಕಾವಿನ ಪೆಟ್ಟಿಗೆಯಲ್ಲಿಟ್ಟು ಆಕ್ಸಿಜನ್ ಕೊಟ್ಟಿದ್ದೆವು. ಎಷ್ಟು ಕೊಡಬೇಕು ಎಂದು ಅಳೆಯುವುದು ಯಾರಿಗೂ ಗೊತ್ತಿರಲಿಲ್ಲ, ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂದುಕೊಂಡಿದ್ದೆವು. ಆರು ತಿಂಗಳು ಬಿಟ್ಟು ಸೆಲ್ವಿ ಮಗುವನ್ನು ಎತ್ತಿಕೊಂಡು ಬಂದಳು. “ಸಿಸ್ಟರ್, ಕಣ್ಣಲ್ಲಿ ಬೆಳ್ಳಗೆ ಕಾಣುತ್ತೆ. ಬೆಳಕು ತೋರಿಸಿದ್ರೂ ನೋಡಲ್ಲ.” ನಾನು ಮಗುವಿನ ಗಲ್ಲ ಹಿಡಿದು ನೋಡಿದ್ದೆ. “ಹುಟ್ಟಿನಿಂದ್ಲೇ ಬಂದಿದ್ದು ಕಣಮ್ಮ. ಹಣೆಬರಹ,” ಎಂದು ಹೇಳಿ ಕಳಿಸಿದ್ದೆ.

ಹುಟ್ಟಿನಿಂದ ಬಂದದ್ದಲ್ಲ. ತಿಂಗಳು ತುಂಬದ ಮಗುವಿನ ಕಣ್ಣಿನ ಹಿಂಭಾಗದಲ್ಲಿ ರಕ್ತನಾಳ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ, ಆಕ್ಸಿಜನ್ ಹೆಚ್ಚುಕಡಿಮೆಯಾಗಿ, ಅವು ಅಡ್ಡಾದಿಡ್ಡಿ ಬೆಳೆದು ಕಣ್ಣಿನ ಒಳಪರದೆಯನ್ನೇ, ರೆಟಿನಾವನ್ನೇ, ಎಳೆದು ಕೀಳುತ್ತವೆ. ಹುಟ್ಟಿದ ನಾಲ್ಕೈದು ವಾರದಲ್ಲಿ ಶುರು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. ಬೆಳ್ಳಗೆ ಕಾಣುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆರ್‌ಒಪಿ ಎಂದರೆ ಇದೇ ಎಂದು ವಿನುತಾ ಆ ತಾರಸಿಯ ಮೇಲೆ ನನಗೆ ಹೇಳಿದಳು. ಇಪ್ಪತ್ತೇಳು ವರ್ಷ ಸಿಸ್ಟರ್ ಅನ್ನಿಸಿಕೊಂಡವಳಿಗೆ.

ಅವಳ ಫೋನು ಬಡಿದುಕೊಂಡಿತು. ಬರೀ “ಸರ್, ಸರ್” ಎನ್ನುತ್ತಿದ್ದಳು. ನಡುವೆ ಒಂದು ಸಲ ಕಣ್ಣು ಮುಚ್ಚಿಕೊಂಡಳು. ಫೋನಿಟ್ಟು ನನಗೆ ಏನೂ ಹೇಳದೆ ಕೆಳಗಿಳಿದು, ಶೈಲಾಳ ಎದುರು ನಿಂತು ಹೇಳಿದಳು.

“ಎಡಗಣ್ಣಿಗೆ ಇನ್ನೂ ಟೈಮಿದೆ. ಎರಡು ದಿನದೊಳಗೆ ಲೇಸರ್ ಆಗ್ಬೇಕು. ನಾಳೆನೇ ಬೆಂಗ್ಳೂರಿಗೆ ಬನ್ನಿ ಅಂದ್ರು.”

“ಬಲಗಣ್ಣು?”

“ರೆಟಿನಾ ಕಿತ್ಕೊಂಡಿದೆ.”

ಶೈಲಾ ಅಳಲಿಲ್ಲ. ಮಗುವಿನ ಟೋಪಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ಬಿಚ್ಚಿದಳು.

ಮರುದಿನ ಬೆಳಗಿನ ರೈಲಿಗೆ ಹೊರಟೆವು. ಪ್ರಭು, ಶೈಲಾ, ಮಗು ಒಂದು ಸೀಟಿನಲ್ಲಿ, ಎದುರಿಗೆ ನಾನು. ಬರಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ಬೀರೂರಿನಲ್ಲಿ ಪ್ರಭು ಕಿಟಕಿಯ ಆಚೆ ನೋಡುತ್ತಾ, “ಅತ್ತೆಗೆ ಗೊತ್ತಿರುತ್ತೆ ಅಂದ್ಕೊಂಡೆ,” ಎಂದರು. ಯಾರಿಗೆ ಹೇಳಿದರೋ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೆಂಗಳೂರಿನ ಡಾಕ್ಟರನ್ನು ಬೈಯಲೆಂದೇ ನಾನು ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಎಸಿಯಲ್ಲಿ ಕೂತು ಇಲ್ಲಿಗೆ ಯಾರನ್ನೋ ಕಳಿಸುತ್ತೀರಲ್ಲ, ನೀವೇ ಒಂದು ಸಲ ಬಂದು ಸರಿಯಾಗಿ ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೇ? ನಲವತ್ತರ ಆಸುಪಾಸಿನ ಮನುಷ್ಯ. ಹೊರಗೆ ಕಾರಿಡಾರಿನಲ್ಲಿ ಎಷ್ಟೋ ಜನ ಕಾಯುತ್ತಿದ್ದರು, ಎಲ್ಲರ ತೊಡೆಯ ಮೇಲೂ ಬೊಂಬೆಯಷ್ಟು ಮಕ್ಕಳು. ಅವರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ಭದ್ರಾವತಿಯಿಂದ ಹೋದ ಚಿತ್ರಗಳನ್ನು ತೋರಿಸಿದರು. ಎಡಗಣ್ಣಿನದು ಕಿತ್ತಳೆ ಬಣ್ಣದ ಒಂದು ವೃತ್ತ, ಅದರಲ್ಲಿ ಕೆಂಪಗೆ ಉಬ್ಬಿದ ಬದುವಿನಂಥ ಗೆರೆ. ಬಲಗಣ್ಣಿನದರಲ್ಲಿ ಗೆರೆ ಇರಲಿಲ್ಲ. ಬೂದು ಬಣ್ಣದ ಬಟ್ಟೆ ಮಡಿಸಿ ಎಸೆದಂತಿತ್ತು.

ಜೋಡಿಸಿಕೊಂಡ ಮಾತೆಲ್ಲ ಹೋಗಿ ಒಂದೇ ಉಳಿಯಿತು.

“ಡಾಕ್ಟ್ರೇ, ಎರಡು ವಾರದ ಹಿಂದೆ ಮಾಡಿಸಿದ್ರೆ ಇದು ಉಳೀತಿತ್ತಾ?”

ಅವರು ನನ್ನನ್ನು ನೋಡಿದರು. ಆಮೇಲೆ ಶೈಲಾಳನ್ನು.

“ಎರಡು ವಾರದ ಹಿಂದಿನ ಚಿತ್ರ ಇದ್ದಿದ್ರೆ ಹೇಳ್ತಿದ್ದೆ ಅಮ್ಮ. ಇಲ್ಲ. ಇಲ್ಲದ ಚಿತ್ರ ನೋಡಿ ನಾನೇನು ಹೇಳ್ಲಿ?”

ನನ್ನನ್ನು ಕಾಪಾಡಲು ಹಾಗೆ ಹೇಳಿದರೋ, ನಿಜವಾಗಿ ಅಷ್ಟೇ ಗೊತ್ತಿತ್ತೋ. ಇವತ್ತಿಗೂ ನನಗೆ ತಿಳಿದಿಲ್ಲ. ಉಳಿಯುತ್ತಿತ್ತು ಎಂದಿದ್ದರೆ ಒಂದೇ ಸಲ ಸತ್ತು ಮುಗಿಸುತ್ತಿದ್ದೆ. ಉಳಿಯುತ್ತಿರಲಿಲ್ಲ ಎಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎರಡೂ ಸಿಗಲಿಲ್ಲ.

ಅಂದೇ ಸಂಜೆ ಎಡಗಣ್ಣಿಗೆ ಲೇಸರ್ ಆಯಿತು. ಅಷ್ಟು ಅವಸರದಲ್ಲಿ ಪೂರ್ತಿ ಅರಿವಳಿಕೆ ಕೊಡುವಂತಿರಲಿಲ್ಲ, ಕಣ್ಣಿಗೆ ಮಾತ್ರ ಮರಗಟ್ಟುವ ಡ್ರಾಪ್ಸ್. ಮುಕ್ಕಾಲು ಗಂಟೆ ಬಾಗಿಲಿನ ಆಚೆಯಿಂದ ಅಳು ಕೇಳಿಸುತ್ತಿತ್ತು, ಕೊನೆ ಕೊನೆಗೆ ಬರೀ ಬಿಕ್ಕು. ಶೈಲಾ ಗೋಡೆಗೆ ಹಣೆಯೊತ್ತಿ ನಿಂತಿದ್ದಳು. ಅವಳ ಬೆನ್ನಿನ ಮೇಲೆ ಕೈಯಿಟ್ಟೆ. ಭುಜ ಕೊಡವಿದಳು.

ನಾಲ್ಕು ದಿನ ಬಿಟ್ಟು ಬಲಗಣ್ಣಿಗೆ ಆಪರೇಶನ್ ಮಾಡಿ ನೋಡಿದರು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದರು. ಇಟ್ಟುಕೊಂಡೆವು. ಆಗಲಿಲ್ಲ.

ವಾಪಸು ಬಂದ ಮೇಲೆ ಶೈಲಾ ನನ್ನ ಮನೆಗೆ ಬರಲಿಲ್ಲ. ಶಿವಮೊಗ್ಗ ಸ್ಟೇಷನ್ನಿನಿಂದಲೇ ಗಂಡನ ಮನೆಗೆ ಹೋದಳು. ಆಯನೂರಿನಿಂದ ಒಳಗೆ ನಾಲ್ಕು ಕಿಲೋಮೀಟರ್, ದಿನಕ್ಕೆ ಎರಡೇ ಬಸ್ಸು ಬರುವ ಊರು. ಬಾಣಂತನ ಅರ್ಧಕ್ಕೆ ಬಿಟ್ಟು ಮಗಳು ಹೊರಟುಹೋದಳು ಎಂದು ಬೀದಿಯವರೆಲ್ಲ ಕೇಳಿದರು. ಮಗುವಿಗೆ ಭದ್ರಾವತಿಯ ಹೊಗೆ ಆಗುವುದಿಲ್ಲ ಎಂದೆ. ತೊಟ್ಟಿಲಿನ ಶಾಸ್ತ್ರಕ್ಕೆ ಪ್ರಭು ಫೋನು ಮಾಡಿ ಕರೆದರು. ಹೋದೆ. ಸಿಂಚನ ಎಂದು ಹೆಸರಿಟ್ಟರು. ಊಟ ಮಾಡಿ ಬಂದೆ. ಶೈಲಾ ಬಡಿಸಿದಳು, ನೆಂಟರಿಗೆ ಬಡಿಸುವ ಹಾಗೆ.

ಲೇಸರ್ ಆದ ಕಣ್ಣನ್ನು ಮತ್ತೆ ಮತ್ತೆ ನೋಡುತ್ತಿರಬೇಕಿತ್ತು. ಅದಕ್ಕೆ ಬೆಂಗಳೂರಿಗೆ ಹೋಗಬೇಕಿರಲಿಲ್ಲ. ಬುಧವಾರ ವಿನುತಾ ಶಿವಮೊಗ್ಗಕ್ಕೆ ಬರುತ್ತಾಳಲ್ಲ. ಶೈಲಾ ಮಗುವನ್ನು ಎತ್ತಿಕೊಂಡು ಆಯನೂರಿನಿಂದ ಬಸ್ಸಿಗೆ ಬರುತ್ತಿದ್ದಳು. ನಾನು ಭದ್ರಾವತಿಯಿಂದ ಹೋಗಿ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದೆ. ನಡುವೆ ಬೇರೆ ಯಾರಾದರೂ ಬಂದು ಕೂರುತ್ತಿದ್ದರು. ಮಗುವಿನ ಕಣ್ಣಿಗೆ ಡ್ರಾಪ್ಸ್ ಹಾಕಿದಾಗ ಒರೆಸಲು ಹತ್ತಿ ಬೇಕಾದರೆ ಶೈಲಾ ನರ್ಸನ್ನು ಕೇಳುತ್ತಿದ್ದಳು. ನನ್ನ ಚೀಲದಲ್ಲಿ ಹತ್ತಿ ಇರುತ್ತದೆಂದು ಅವಳಿಗೆ ಗೊತ್ತಿತ್ತು.

ಒಂದು ಬುಧವಾರ ಶೈಲಾ ಬರುವುದು ತಡವಾಯಿತು. ವಿನುತಾ ಒಬ್ಬಳೇ ಕೂತು ಬಾಕ್ಸಿನಿಂದ ಚಿತ್ರಾನ್ನ ತಿನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ನೀನು ಅವತ್ತೇ ಸರಿಯಾಗಿ ಹೇಳ್ಬೇಕಿತ್ತು. ರೂಲ್ ಔಟು, ರೆಟಿನಾ ಅಂತ ಇಂಗ್ಲಿಷ್ ಹೊಡ್ದೆ. ಕುರುಡು ಅಂತ ಯಾಕೆ ಹೇಳ್ಲಿಲ್ಲ? ಕುರುಡು ಅಂದಿದ್ರೆ ನಾನು ಬೇಡ ಅಂತಿದ್ನಾ?”

ಅವಳು ಚಮಚ ಕೆಳಗಿಟ್ಟಳು.

“ಮೊದಲ ದಿನಾನೇ ಆ ಮಾತು ಹೇಳಿ ತಾಯಂದಿರನ್ನ ಹೆದರಿಸ್ಬಾರ್ದು ಅಂತ ನಮಗೆ ಹೇಳ್ಕೊಟ್ಟಿದ್ರು ಅಜ್ಜೀ. ನಿಮ್ಮ ಮನೆಗೆ ಬಂದು ಹೋದ ಮೇಲೆ ಹೇಳಕ್ಕೆ ಶುರು ಮಾಡಿದೀನಿ. ಎಲ್ರಿಗೂ.” ಚಮಚ ಮತ್ತೆ ಎತ್ತಿಕೊಂಡು ಸೇರಿಸಿದಳು. “ಆದ್ರೆ ನಾನು ಹೇಳಕ್ಕೆ ಬಂದಾಗ ನೀವು ಕೈ ತಳ್ಳಿದ್ರಿ.”

“ತಳ್ಳಿದೆ,” ಎಂದೆ.

ಆಮೇಲೆ ಅವಳು ಊಟ ಮುಂದುವರಿಸಿದಳು. ರಾಜಿ ಎಂದೇನೂ ಅಲ್ಲ. ನನ್ನನ್ನು ಅವಳು ಇವತ್ತಿಗೂ ಅಜ್ಜೀ ಎಂದೇ ಕರೆಯುತ್ತಾಳೆ. ನನಗೆ ಇವತ್ತಿಗೂ ಅದು ಇಷ್ಟವಿಲ್ಲ.

ಸಿಂಚನಳಿಗೆ ಏಳು ತಿಂಗಳಿದ್ದಾಗ ನಡೆದದ್ದನ್ನು ಹೇಳಬೇಕು. ಸಾಗರದ ಕಡೆಯ ಒಂದು ಕುಟುಂಬದ ಅವಳಿ ಮಕ್ಕಳು ಎನ್‌ಐಸಿಯುನಲ್ಲಿದ್ದವು. ಅವರ ಅಜ್ಜಿ, ಕಂಚಿಯ ಸೀರೆಯುಟ್ಟ ಗಟ್ಟಿ ಹೆಂಗಸು, ವಿನುತಾಳ ಕೈಯಲ್ಲಿದ್ದ ಫಾರಂ ಕಡೆ ನೋಡುವುದಕ್ಕೂ ಒಪ್ಪಲಿಲ್ಲ.

“ನೀನು ಏನೇ ಹೇಳು ಮಾರಾಯ್ತಿ, ಡಾಕ್ಟ್ರು ಬರ್ಲಿ. ಕಂಡ್‌ಕಂಡೋರ ಕೈಗೆ ಮಕ್ಕಳನ್ನ ಕೊಡಲ್ಲ ನಾವು. ಕುರುಡು ಗಿರುಡು ಅಂತ ಅಪಶಕುನ ಬೇರೆ ನುಡೀತಾಳೆ!”

ವಿನುತಾ ಮತ್ತೆ ವಿವರಿಸಿದಳು. ಆ ಹೆಂಗಸು ದನಿ ಏರಿಸಿದಳು. ಹಿಂದೆ ನಿಂತಿದ್ದ ಬಾಣಂತಿ ಸೊಸೆ ಏನೋ ಹೇಳಲು ಹೋಗಿ ನಿಲ್ಲಿಸಿದಳು. ನಾನು ಆ ದನಿಯನ್ನು ಕೇಳುತ್ತಾ ನೆಲ ನೋಡುತ್ತಾ ಕೂತೆ. ಏಳಬೇಕು ಎನ್ನಿಸಿತು. ಏಳಲಾಗಲಿಲ್ಲ.

ಎದ್ದವಳು ಶೈಲಾ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನೇರ ಆ ಹೆಂಗಸಿನ ಎದುರು ನಿಂತಳು. ಸಿಂಚನಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಲಗಣ್ಣಿನ ಪಾಪೆ ಬೆಳ್ಳಗೆ ಕಾಣಿಸಿತು.

“ನೋಡಿ ಅಮ್ಮ. ಈ ಕಣ್ಣು ಹೋಯ್ತು. ಈ ಕಣ್ಣು ಇವರ ಮಿಷನ್ನಿಂದ ಉಳೀತು. ನಮ್ಮನೇಲೂ ಬೇಡ ಅಂದಿದ್ರು.” ನನ್ನ ಕಡೆ ಕೈ ತೋರಿಸಿದಳು. “ಅಲ್ಲಿ ಕೂತಿದಾರಲ್ಲ, ನಮ್ಮಮ್ಮ. ಇಪ್ಪತ್ತೇಳು ವರ್ಷ ನರ್ಸು. ಅವರೇ ಬೇಡ ಅಂದಿದ್ದು.”

ಇಡೀ ಬೆಂಚು ನನ್ನ ಕಡೆ ತಿರುಗಿತು. ಯಾರೂ ನಗಲಿಲ್ಲ. ಹುಟ್ಟಿದಂದಿನಿಂದ ಅಂಥ ಅವಮಾನ ನನಗೆ ಆಗಿರಲಿಲ್ಲ. ಓಡಿಹೋಗಬಹುದಿತ್ತು, ಮೆಟ್ಟಿಲು ಹತ್ತಿರದಲ್ಲೇ ಇತ್ತು.

ಎದ್ದು ನಿಂತೆ.

“ಹೌದು,” ಎಂದೆ. “ನಾನೇ. ಎಲ್ಲಾ ಗೊತ್ತು ಅಂದ್ಕೊಂಡಿದ್ದೆ. ಮಾಡಿಸಿಬಿಡಿ ತಾಯಿ.”

ಆ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಿಂದಿದ್ದ ಸೊಸೆ ಮುಂದೆ ಬಂದು, ಅತ್ತೆಯನ್ನು ದಾಟಿ, ವಿನುತಾಳ ಕೈಯಿಂದ ಪೆನ್ನು ತೆಗೆದುಕೊಂಡಳು.

ಶೈಲಾ ಬಂದು ನನ್ನ ಪಕ್ಕದಲ್ಲೇ ಕೂತಳು. “ಹಿಡ್ಕೊ,” ಎಂದು ಮಗುವನ್ನು ನನ್ನ ತೊಡೆಗೆ ಹಾಕಿದಳು. ಐದಾರು ತಿಂಗಳ ಮೇಲೆ ನಾನು ಅದನ್ನು ಮುಟ್ಟಿದ್ದೆಂದರೆ ಆ ಹೊತ್ತಿನಲ್ಲೇ. ಭಾರವಾಗಿತ್ತು. ನನ್ನ ಕನ್ನಡಕ ಕಿತ್ತುಕೊಳ್ಳಲು ನೋಡಿತು, ಗುರಿ ತಪ್ಪದೆ.

“ನಾನಿನ್ನೂ ಕ್ಷಮಿಸಿಲ್ಲಮ್ಮ,” ಎಂದಳು ಶೈಲಾ ಎದುರಿನ ಗೋಡೆ ನೋಡುತ್ತಾ.

“ಗೊತ್ತು.”

“ಕ್ಷಮಿಸ್ತೀನೋ ಇಲ್ವೋ ಗೊತ್ತಿಲ್ಲ.”

“ಆಗ್ಲಿ.”

ಈಗ ಸಿಂಚನಳಿಗೆ ಒಂದೂವರೆ ವರ್ಷ. ಎಡಗಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕು, ಎಲಾಸ್ಟಿಕ್ ಕಟ್ಟಿದರೂ ಕಿತ್ತೆಸೆಯುತ್ತಾಳೆ. ಸಾಸಿವೆ ಕಾಳು ನೆಲದ ಮೇಲೆ ಬಿದ್ದಿದ್ದರೆ ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಷ್ಟು ಕಾಣುತ್ತದೆ. ಆ ತಾರಸಿ, ತೆವಳುತ್ತಿದ್ದ ಆ ಹಸಿರು ಪಟ್ಟಿ, ಎರಡು ಸಲ ಸೋತು ಮೂರನೆಯ ಸಲ ಕಳಿಸಿದ ವಿನುತಾ, ಇವರಿಗೆ ನಾನು ಋಣಿ. ಪ್ರೀತಿಯಿಂದ ಹೇಳುವುದಕ್ಕೆ ಬರುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಸೆಲ್ವಿಯನ್ನು ಹುಡುಕಿದೆ. ಕಾರ್ಖಾನೆಯ ಕೆಲಸ ಹೋಗಿ ಸೇಲಂ ಕಡೆಗೆ ಹೋದರಂತೆ. ಸಿಕ್ಕಿದ್ದರೂ ಏನು ಹೇಳುತ್ತಿದ್ದೆನೋ.

ಹೋದ ತಿಂಗಳು ಶೈಲಾ ನನ್ನನ್ನು ತ್ಯಾವರೆಕೊಪ್ಪದ ಮೃಗಾಲಯಕ್ಕೆ ಕರೆದುಕೊಂಡು ಹೋದಳು, ಮಗುವಿಗೆ ಹುಲಿ ತೋರಿಸಲು. ಸಿಂಚನ ಹೊಸದಾಗಿ ನಡೆಯಲು ಕಲಿತಿದ್ದಳು. ಎಡಗಡೆಯ ಜಿಂಕೆಯನ್ನೆಲ್ಲ ಬೆರಳು ಮಾಡಿ ತೋರಿಸುತ್ತಿದ್ದಳು, ಬಲ ಭುಜವನ್ನು ಮಾತ್ರ ಕಂಬಿಗೆ ತಗುಲಿಸಿಕೊಂಡು ಎರಡು ಸಲ ಬಿದ್ದಳು. ನಾನು ಹಿಂದೆ ನಡೆಯುತ್ತಿದ್ದೆ, ನನ್ನ ಜಾಗ ಅಲ್ಲಿಯೇ ಎಂದುಕೊಂಡು.

ಶೈಲಾ ನಿಂತು ತಿರುಗಿದಳು.

“ಅಲ್ಲೇನು ಮಾಡ್ತಿದೀಯ? ಈ ಕಡೆ ಬಾರಮ್ಮ. ಅವಳ ಬಲಕ್ಕೆ.”

ಹೋಗಿ ಆ ಪುಟ್ಟ ಬಲಗೈ ಹಿಡಿದುಕೊಂಡೆ.